ಪಿಟೀಲು ನೋಡುತ್ತಾ ಕೂತ ಹುಡುಗ

ಮೇಜಿನ ಮುಂದೆ ಒಬ್ಬ ಹುಡುಗ ಕೂತಿದ್ದಾನೆ. ಮೇಜಿನ ಮೇಲೆ ಪಿಟೀಲು. ಅವನು ಅದನ್ನು ಕೈಗೆತ್ತಿಕೊಂಡಿಲ್ಲ, ಸುಮ್ನೆ ನೋಡುತ್ತಿದ್ದಾನೆ. ಟಿಎಟಿ (ಥೀಮ್ಯಾಟಿಕ್ ಅಪರ್ಸೆಪ್ಷನ್ ಟೆಸ್ಟ್), ಅಂದರೆ ಚಿತ್ರ ತೋರಿಸಿ, ಕಥೆ ಹೇಳಿಸಿ ಮನಸ್ಸನ್ನು ಅರಿಯಲು ನೋಡುವ ಪರೀಕ್ಷೆಯ ಮೊದಲ ಕಾರ್ಡ್ ಇದು. ಹಾರ್ವರ್ಡ್‌ನಲ್ಲಿ ಹೆನ್ರಿ ಮರ್ರೆ ಮತ್ತು ಕ್ರಿಸ್ಟಿಯಾನಾ ಮಾರ್ಗನ್ 1930ರ ದಶಕದಲ್ಲಿ ರೂಪಿಸಿದ ಪರೀಕ್ಷೆ. ಒಟ್ಟು 31 ಕಾರ್ಡ್, ಅದರಲ್ಲಿ ಒಂದು ಪೂರ್ತಿ ಖಾಲಿ. ಬಂದವರ ವಯಸ್ಸು, ತೊಂದರೆ ನೋಡಿ ನಾವು ಮನಶ್ಶಾಸ್ತ್ರಜ್ಞರು ಕೆಲವನ್ನು ಆರಿಸಿಕೊಳ್ಳುತ್ತೇವೆ.

ಕೇಳುವುದು ಇಷ್ಟೇ: ಇಲ್ಲಿ ಏನಾಗುತ್ತಿದೆ? ಮುಂಚೆ ಏನಾಗಿತ್ತು? ಇವರ ಮನಸ್ಸಲ್ಲಿ ಏನಿದೆ? ಕೊನೆಗೆ ಏನಾಗುತ್ತೆ?

'ಅಪ್ಪ ಬಲವಂತವಾಗಿ ಪಾಠಕ್ಕೆ ಸೇರಿಸಿದ್ದಾರೆ, ಇವನಿಗೆ ಆಟಕ್ಕೆ ಹೋಗಬೇಕು' ಎಂದು ಒಬ್ಬರು ಶುರು ಮಾಡಬಹುದು. 'ತಂತಿ ಕಿತ್ತುಹೋಗಿದೆ, ಬೈಸಿಕೊಳ್ಳಬೇಕಲ್ಲ ಅಂತ ಹೆದರಿದ್ದಾನೆ' ಎಂದು ಇನ್ನೊಬ್ಬರು. ಚಿತ್ರದಲ್ಲಿ ಅಪ್ಪನೂ ಇಲ್ಲ, ಬೈಯುವವರೂ ಇಲ್ಲ. ಅವರನ್ನೆಲ್ಲ ಕರೆತಂದದ್ದು ಕಥೆ ಹೇಳಿದವರು, ಅಲ್ವಾ?

ಹಾಗಂತ ಒಂದೇ ಕಥೆ ಹಿಡಿದು 'ಇವನಿಗೆ ಅಪ್ಪನ ಮೇಲೆ ಸಿಟ್ಟು' ಎಂದು ಬರೆದುಬಿಡುವುದು ಅನ್ಯಾಯ. ಹಿಂದಿನ ರಾತ್ರಿ ನೋಡಿದ ಸಿನಿಮಾವೂ ಆ ಕಥೆಯೊಳಗೆ ಬಂದಿರಬಹುದು. ನಾನು ಗಮನಿಸುವುದು ಕಾರ್ಡಿಂದ ಕಾರ್ಡಿಗೆ ಮರಳಿ ಬರುವುದನ್ನು. ಕಷ್ಟ ಬಂದಾಗ ಪಾತ್ರ ತಾನೇ ಏನಾದರೂ ಮಾಡುತ್ತದೆಯಾ, ಇಲ್ಲ ಯಾರೋ ಬಂದು ಕಾಪಾಡುತ್ತಾರಾ? ಕಥೆಗೆ ಮುಕ್ತಾಯ ಸಿಗುತ್ತದಾ? ಮಾತು ಎಲ್ಲಿ ತಡವರಿಸಿತು? ಏಳೆಂಟು ಕಥೆಗಳಲ್ಲೂ ದೊಡ್ಡವರು ಹೇಳುವುದು, ಚಿಕ್ಕವರು ತಲೆತಗ್ಗಿಸಿ ಕೇಳುವುದೇ ಆದರೆ, ಮನೆಯ ಬಗ್ಗೆ ಮಾತಾಡಲು ನನಗೊಂದು ದಾರಿ ಸಿಕ್ಕಿತು. ಅಷ್ಟೇ, ತೀರ್ಪಲ್ಲ. ಒಂದೇ ಕಥೆಯನ್ನು ಇಬ್ಬರು ತಜ್ಞರು ಬೇರೆ ಬೇರೆಯಾಗಿ ಓದುವುದೂ ಉಂಟು.

ಚಿತ್ರಗಳ ಉಡುಪು, ಮನೆ ಎಲ್ಲ ಹಳೆಯ ಅಮೆರಿಕದ್ದು. ಅದಕ್ಕೇ ಮನಶ್ಶಾಸ್ತ್ರಜ್ಞರಾದ ಉಮಾ ಚೌಧುರಿಯವರು ನಮ್ಮ ದೇಶಕ್ಕೆ ಹೊಂದುವ ಚಿತ್ರಗಳನ್ನು ಸಿದ್ಧಪಡಿಸಿದರು.

ಸೇನೆಯ ಅಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿಯಲ್ಲೂ ಇದರ ಒಂದು ರೂಪವಿದೆ. ಚಿತ್ರ ನೋಡಲು 30 ಸೆಕೆಂಡ್, ಕಥೆ ಬರೆಯಲು 4 ನಿಮಿಷ. ಅದಕ್ಕಾಗಿ ಕಥೆಗಳನ್ನು ಉರುಹೊಡೆಯುವ ಹುಡುಗರನ್ನು ಕಂಡರೆ ಬೇಸರವಾಗುತ್ತದೆ. ಬಾಯಿಪಾಠದ ಕಥೆಗೂ ಎದುರಿನ ಚಿತ್ರಕ್ಕೂ ತಾಳೆಯಾಗುವುದಿಲ್ಲ. ತಮ್ಮದೇ ಊರು, ಕಾಲೇಜು, ತಾವು ಕಂಡ ಕಷ್ಟಗಳಿಂದ ಬರೆಯಿರಿ ಎಂದೇ ಅವರಿಗೆ ಹೇಳುತ್ತೇನೆ.

ನಿಮ್ಮ ಮಗುವಿಗೆ ಈ ಪರೀಕ್ಷೆ ಮಾಡಿ ವರದಿ ಕೊಟ್ಟರೆ, ಇದರ ಜೊತೆ ಇನ್ನೇನು ನೋಡಿದ್ದೀರಿ ಎಂದು ಧೈರ್ಯವಾಗಿ ಕೇಳಿ. ಮಗುವಿನ ಜೊತೆ, ನಿಮ್ಮ ಜೊತೆ ಕೂತು ಮಾತಾಡದೆ ಬರೆದ ವರದಿಯಾದರೆ, ಇನ್ನೊಬ್ಬ ತಜ್ಞರಿಗೆ ತೋರಿಸಿ.