ನೀಲಿ ಅಗಸೆಯ ಹೂವು ಮಧ್ಯಾಹ್ನಕ್ಕೇ ಉದುರುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಾವು ಅಮೆರಿಕದ ಡೆನ್ವರ್‌ನಲ್ಲಿದ್ದೇವೆ. ಹಿತ್ತಲಲ್ಲಿ ಇಲ್ಲಿನ ಕಾಡು ನೀಲಿ ಅಗಸೆ ಬೆಳೆಸಿದ್ದೇನೆ. ಬೆಳಿಗ್ಗೆ ಗಿಡದ ತುಂಬಾ ಹೂವು. ಮಧ್ಯಾಹ್ನ ನೋಡಿದರೆ ಎಸಳೆಲ್ಲ ನೆಲದ ಮೇಲೆ. ದಿನಾ ನೀರು ಹಾಕುತ್ತೇನೆ, ಗೊಬ್ಬರವನ್ನೂ ಕೊಟ್ಟೆ. ಏನು ಕಮ್ಮಿಯಾಗಿದೆ?

ಉತ್ತರ: ಏನೂ ಕಮ್ಮಿಯಾಗಿಲ್ಲ, ಗಾಬರಿ ಬೇಡ. ನೀರು, ಗೊಬ್ಬರವೇ ಜಾಸ್ತಿಯಾಗಿದೆ.

ಈ ಹೂವಿನ ಆಯಸ್ಸೇ ಅಷ್ಟು. ಬೆಳಿಗ್ಗೆ ಐದು ಎಸಳು ಬಿಚ್ಚುತ್ತದೆ, ಸಂಜೆಯೊಳಗೆ ಉದುರಿಸುತ್ತದೆ. ಬಿಸಿಲು ಜೋರಾಗಿದ್ದರೆ ಮಧ್ಯಾಹ್ನಕ್ಕೇ ಮುಗಿಯಿತು. ಆದರೆ ಅದೇ ಕಡ್ಡಿಯಲ್ಲಿ ನಾಳೆಯ ಮೊಗ್ಗು ಆಗಲೇ ತಯಾರಿರುತ್ತದೆ. ಬೇಸಿಗೆಯ ಶುರುವಿನಲ್ಲಿ ಹೀಗೆ ವಾರಗಟ್ಟಲೆ ನಡೆಯುತ್ತದೆ. ಬೆಳಗಿನ ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋದರೆ ಒಂದು ದಿನವೂ ತಪ್ಪುವುದಿಲ್ಲ.

ಈಗ ನೀರಿನ ವಿಷಯ. ನಿಮ್ಮ ಗಿಡದ ಹೆಸರು ಲೂಯಿಸ್ ಅಗಸೆ, ವೈಜ್ಞಾನಿಕ ಹೆಸರು ಲೈನಮ್ ಲೂಯಿಸಿ. ಅಲಾಸ್ಕಾದಿಂದ ಮೆಕ್ಸಿಕೋದ ಉತ್ತರದವರೆಗೆ, ಒಣ ಹುಲ್ಲುಗಾವಲು, ಕಲ್ಲುಗುಡ್ಡದ ಇಳಿಜಾರು ಇದರ ಮನೆ. ಬೇರು ಆಳಕ್ಕೆ ಇಳಿದು ತನ್ನ ನೀರನ್ನು ತಾನೇ ಹುಡುಕಿಕೊಳ್ಳುತ್ತದೆ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಗೊಬ್ಬರ ಹಾಕಿದರೆ ಕಡ್ಡಿ ಸುಮ್ನೆ ಉದ್ದವಾಗಿ ಬಾಗುತ್ತದೆ. ಮೊದಲ ವರ್ಷ ಸಸಿಗೆ ಆಗಾಗ ನೀರು ಕೊಡಿ, ಸಾಕು. ಬೇರೂರಿದ ಮೇಲೆ ಮಳೆಯೇ ಇಲ್ಲದೆ ಬಹಳ ದಿನ ಕಳೆದರೆ ಮಾತ್ರ ಪೈಪು ಹಿಡಿಯಿರಿ.

ಮುಂದಿನ ಸಲ ಬೀಜ ಹಾಕುವುದಾದರೆ ಅಕ್ಟೋಬರ್, ನವೆಂಬರ್ ಒಳ್ಳೆಯ ಕಾಲ. ಚಳಿಗಾಲದ ಥಂಡಿ ತಿಂದ ಬೀಜ ವಸಂತದಲ್ಲಿ ಚೆನ್ನಾಗಿ ಮೊಳೆಯುತ್ತದೆ. ಇಡೀ ದಿನ ಬಿಸಿಲು ಬೀಳುವ, ನೀರು ಬೇಗ ಬಸಿಯುವ ಜಾಗ ನೋಡಿ. ಮಣ್ಣನ್ನು ಸ್ವಲ್ಪ ಕೆದಕಿ, ಬೀಜ ಉದುರಿಸಿ, 3 ಮಿಲಿಮೀಟರಿಗಿಂತ ಆಳಕ್ಕೆ ಹೋಗದಂತೆ ಮುಚ್ಚಿ. ಕುಂಡದಲ್ಲಿ ಬೆಳೆಸಿ ಆಮೇಲೆ ಕಿತ್ತು ನೆಡುವುದು ಬೇಡ, ಆ ಉದ್ದ ಬೇರಿಗೆ ಪೆಟ್ಟಾಗುತ್ತದೆ. ಮೊದಲ ವರ್ಷ ಬರೀ ಎಲೆ ಕಂಡರೆ ಬೇಜಾರಾಗಬೇಡಿ. ಹೂವು ಹೆಚ್ಚಾಗಿ ಎರಡನೇ ವರ್ಷಕ್ಕೆ. ಒಂದೊಂದು ಗಿಡ ಬದುಕುವುದು ಕೆಲವೇ ವರ್ಷ, ಆದರೆ ಕಾಯಿ ಒಡೆದು ಬಿದ್ದ ಬೀಜದಿಂದ ಹೊಸ ಸಸಿ ಬರುತ್ತಲೇ ಇರುತ್ತವೆ.

ಬೀಜದ ಪ್ಯಾಕೆಟ್ಟನ್ನು ಮಾತ್ರ ಸರಿಯಾಗಿ ಓದಿ. ‘ನೀಲಿ ಅಗಸೆ’ ಎಂದಷ್ಟೇ ಬರೆದಿದ್ದರೆ ಅದು ಯುರೋಪಿನ ಲೈನಮ್ ಪೆರೆನೆ ಇರಬಹುದು. ಎರಡೂ ನೋಡಲು ಒಂದೇ ಥರ. ಬಲ್ಲವರೇ ಮೋಸಹೋಗಿದ್ದಾರೆ: 1980ರಲ್ಲಿ ಲೂಯಿಸ್ ಅಗಸೆ ಎಂದೇ ಬಿಡುಗಡೆಯಾದ ‘ಅಪ್ಪಾರ್’ ತಳಿ ಯುರೋಪಿನದ್ದು ಅಂತ ಆಮೇಲೆ ತಿಳಿಯಿತು. ಅಮೆರಿಕದ್ದೇ ಗಿಡ ಬೇಕೆಂದರೆ ಯೂಟಾ ರಾಜ್ಯ ಮೂಲದ ‘ಮೇಪಲ್ ಗ್ರೋವ್’ ತಳಿ ಕೇಳಿ. ನಾನಾದರೆ ಅದನ್ನೇ ಹಾಕುತ್ತೇನೆ. ಆ ನೆಲದ ದುಂಬಿ, ಆ ನೆಲದ ಹೂವು ಒಟ್ಟಿಗೆ ಬೆಳೆದವು, ಅಲ್ವಾ?

ಹೂವು ಮುಗಿದ ಮೇಲೆ ಕಡ್ಡಿಯನ್ನು ಅರ್ಧಕ್ಕೆ ಕತ್ತರಿಸಿದರೆ ಗಿಡ ಮತ್ತೆ ಚಿಗುರುತ್ತದೆ. ಕತ್ತರಿಸಿದರೆ ಬೇರಿಗೆ ಏಟಾಗುತ್ತದೆಯೇ ಎಂಬ ಪ್ರಶ್ನೆ ಎರಡು ಶತಮಾನ ಹಳೆಯದು. 1805ರ ಜುಲೈನಲ್ಲಿ ಈಗಿನ ಮೊಂಟಾನಾದಲ್ಲಿ ಅಮೆರಿಕದ ಅನ್ವೇಷಕ ಮೆರಿವೆದರ್ ಲೂಯಿಸ್ ಈ ಗಿಡ ಕಂಡ. ಒಂದೇ ಬುಡದಿಂದ ಎಂಟು ಹತ್ತು ಕಡ್ಡಿ, ಗಟ್ಟಿ ನಾರು. ಬೇರಿಗೆ ಏಟಾಗದಂತೆ ಕೊಯ್ಯಲು ಬಂದರೆ ಎಷ್ಟು ಬೆಲೆಬಾಳುವ ಗಿಡ ಎಂದು ದಿನಚರಿಯಲ್ಲಿ ಬರೆದುಕೊಂಡ. ಗಿಡಕ್ಕೆ ಅವನ ಹೆಸರೇ ಉಳಿಯಿತು. ಆದರೆ ಅವನಿಗಿಂತ ಮೊದಲೇ ಅಲ್ಲಿನ ಮೂಲನಿವಾಸಿಗಳು ಈ ನಾರಿನಿಂದ ಹಗ್ಗ, ಮೀನಿನ ಬಲೆ ಮಾಡುತ್ತಿದ್ದರು. ಬೀಜವನ್ನು ಬೇಯಿಸಿ ತಿನ್ನುತ್ತಿದ್ದರು. ಹಸಿಯಾಗಿ ತಿನ್ನಬೇಡಿ, ಅದರಲ್ಲಿ ಸಯನೈಡ್ ಬಿಡುವ ಅಂಶವಿದೆ. ಅಗಸಿ ಚಟ್ನಿಗೆ ಅಂಗಡಿಯ ಬೀಜವೇ ಇರಲಿ.

ಇದನ್ನು ಓದಿ ಬೆಂಗಳೂರಿನವರು ಬೀಜ ತರಿಸಬೇಡಿ. ನಮ್ಮಲ್ಲಿ ಆ ಚಳಿ ಇಲ್ಲ, ಮಳೆಗಾಲ ಬೇರನ್ನು ಉಳಿಸುವುದಿಲ್ಲ. ನಮಗೆ ನಮ್ಮದೇ ಕಾಡು ಅಗಸೆ ಇದೆ. ಮೈಸೂರಿನ ಹೆಸರು ಹೊತ್ತ ಲೈನಮ್ ಮೈಸೂರೆನ್ಸೆ, ಹಳದಿ ಹೂವಿನ ಪುಟ್ಟ ಗಿಡ. ಮಳೆ ಮುಗಿದ ಮೇಲೆ ಗುಡ್ಡದ ಹುಲ್ಲಿನ ನಡುವೆ ಬಗ್ಗಿ ಹುಡುಕಿ.