ಬ್ಯಾಗ್ ಹೊತ್ತವನು ಯಾರ ಕಡೆಯವನು?

2001ರ ಬ್ರಿಟಿಷ್ ಓಪನ್ ಗಾಲ್ಫ್ ಟೂರ್ನಿ. ಕೊನೆಯ ದಿನ ಇಯಾನ್ ವೂಸ್ನಮ್ ಮುಂಚೂಣಿಯಲ್ಲಿದ್ದರು. ಎರಡನೇ ಹೋಲ್ ಶುರುವಾಗುವ ಟೀಯಲ್ಲಿ, ಅವರ ಬ್ಯಾಗ್ ಹೊರುವ ಕ್ಯಾಡಿಗೆ ಅದರಲ್ಲಿ ಒಂದು ಡ್ರೈವರ್ (ದೂರ ಹೊಡೆಯುವ ಕೋಲು) ಹೆಚ್ಚಿಗೆ ಇರುವುದು ಕಣ್ಣಿಗೆ ಬಿತ್ತು. ನಿಯಮದ ಪ್ರಕಾರ 14 ಕ್ಲಬ್ (ಚೆಂಡು ಹೊಡೆಯುವ ಕೋಲು) ಮಾತ್ರ. ಅಲ್ಲಿ 15 ಇದ್ದವು. ಎಣಿಸಲು ಮರೆತವನು ಕ್ಯಾಡಿ, ಎರಡು ಸ್ಟ್ರೋಕ್ (ಹೊಡೆತ) ದಂಡ ತೆತ್ತವರು ವೂಸ್ನಮ್. ಗಾಲ್ಫ್ ನಿಯಮದ ಕಣ್ಣಿಗೆ ಇಬ್ಬರೂ ಒಂದೇ ಜೀವ. ಕ್ಯಾಡಿ ಸಲಹೆ ಕೊಡಬಹುದು, ಅವನು ತಪ್ಪಿದರೆ ಆಟಗಾರ ಅನುಭವಿಸಬೇಕು. ಕೂಲಿಯ ವಿಷಯ ಬಂದಾಗ ಮಾತ್ರ ಈ ನಂಟು ಸಡಿಲವಾಗುತ್ತದೆ. ಅಂಕಣ ನಡೆಸುವ ಗಾಲ್ಫ್ ಕ್ಲಬ್ಬಿನವರನ್ನು ಕೇಳಿದರೆ ಅವನು ಆಟಗಾರನ ಆಳು. ಆಟಗಾರನನ್ನು ಕೇಳಿದರೆ ಕ್ಲಬ್ಬಿನವನು.

ಈ ಗೊಂದಲ ಕಸುಬಿನಷ್ಟೇ ಹಳೆಯದು. ಫ್ರೆಂಚಿನ 'ಕ್ಯಾಡೆ'ಯಿಂದ ಬಂದ ಕ್ಯಾಡಿ ಎಂಬ ಮಾತಿಗೆ ಹದಿನೆಂಟನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಗಾಲ್ಫಿನ ಸಂಬಂಧವೇ ಬೇಕಿರಲಿಲ್ಲ. ಓಲೆ ಮುಟ್ಟಿಸುವವರು, ನೀರು ಹೊರುವವರು, ಹೇಳಿದ ಕಡೆ ಓಡುವವರು ಎಲ್ಲರೂ ಕ್ಯಾಡಿಗಳೇ. ಎಷ್ಟು ಸಲ ಓಡಿದರೆ ಅಷ್ಟು ಕಾಸು. ಗಾಲ್ಫಿನಲ್ಲಿ ಮೊದಲು ಹೆಸರು ಸಿಗುವುದು ಆಂಡ್ರ್ಯೂ ಡಿಕ್ಸನ್‌ನದು. 1680ರ ದಶಕದ ಆರಂಭದಲ್ಲಿ ಲೀತ್ ಬಯಲಿನಲ್ಲಿ ಯಾರ್ಕಿನ ಡ್ಯೂಕ್‌ನ ಕ್ಲಬ್ ಹೊತ್ತು, ಮುಂದೆ ಓಡಿ ಚೆಂಡು ಎಲ್ಲಿ ಬಿತ್ತೆಂದು ಹೇಳುವುದು ಅವನ ಕೆಲಸ. ಬ್ಯಾಗ್ ಎನ್ನುವುದು ಬಂದದ್ದು ಹತ್ತೊಂಬತ್ತನೇ ಶತಮಾನದ ಕೊನೆಗೆ. ಅಲ್ಲಿಯವರೆಗೆ ಕ್ಲಬ್ಬುಗಳನ್ನು ಕಟ್ಟಿಗೆಯಂತೆ ಕಂಕುಳಲ್ಲಿ ಅವುಚಿಕೊಂಡೇ ನಡೆಯಬೇಕಿತ್ತು.

ಬ್ರಿಟಿಷರು ಆಟವನ್ನು ತಂದಾಗ ಈ ಕೂಲಿ ಪದ್ಧತಿಯನ್ನೂ ಜೊತೆಗೇ ತಂದರು. ಕಲ್ಕತ್ತದಲ್ಲಿ 1829ರಲ್ಲಿ, ಬೆಂಗಳೂರಿನಲ್ಲಿ 1876ರಲ್ಲಿ ಗಾಲ್ಫ್ ಕ್ಲಬ್ ಶುರುವಾಯಿತು. ಚಿನ್ನದ ಗಣಿಯ ಕೆಜಿಎಫ್‌ನಲ್ಲೂ ಅಂಕಣವೊಂದು ಎದ್ದಿತು. ಡಿಕ್ಸನ್‌ನಂತೆ ಮುಂದೆ ಓಡುವವನಿಗೆ ಇಲ್ಲಿ 'ಆಗೇವಾಲಾ' ಎಂಬ ಹೆಸರು ಬಿತ್ತು.

ಇವತ್ತಿಗೂ ದಿನಚರಿ ಹೆಚ್ಚು ಬದಲಾಗಿಲ್ಲ. ಬೆಳಕು ಹರಿಯುವ ಮುನ್ನ ಬಂದು, ಕೆಲಸ ಹಂಚುವ ಕ್ಯಾಡಿ ಮಾಸ್ಟರ್ ಬಳಿ ಹೆಸರು ಬರೆಸಬೇಕು. ಸರದಿಯ ಪ್ರಕಾರ ಬ್ಯಾಗ್ ಸಿಗುತ್ತದೆ. ಕಾಯಂ ಸದಸ್ಯರು ಹೆಸರು ಹಿಡಿದು ಕೇಳಿದರೆ ಸರದಿ ತಪ್ಪಿಯೂ ಸಿಗಬಹುದು. ಕ್ಯಾಡಿ ಶೆಡ್ಡಿನ ಜಗಳಗಳಲ್ಲಿ ಮುಕ್ಕಾಲು ಪಾಲಿಗೆ ಇದೇ ಕಾರಣ. ಹದಿನೆಂಟು ಹೋಲಿನ ಒಂದು ರೌಂಡ್ ಮುಗಿಸಲು ನಾಲ್ಕು, ನಾಲ್ಕೂವರೆ ಗಂಟೆ ಬೇಕು. ಎಂಟರಿಂದ ಹತ್ತು ಕಿಲೋಮೀಟರ್ ನಡಿಗೆ, ಹೆಗಲ ಮೇಲೆ ಹತ್ತು ಹನ್ನೆರಡು ಕಿಲೋ. ಹಾಗಾಗಿ ದಿನಕ್ಕೆ ಎರಡು ರೌಂಡ್ ಸಿಕ್ಕರೆ ಅದೇ ಹೆಚ್ಚು. ರೌಂಡಿಗೆ ಇಷ್ಟೆಂದು ದರ್ಜೆ ನೋಡಿ ದರ ಗೊತ್ತುಮಾಡುವುದು ಕ್ಲಬ್, ಹಣ ಬರುವುದು ಆಟಗಾರನ ಜೇಬಿನಿಂದ, ಮೇಲಿನ ಟಿಪ್ಸ್ ಅವನ ಮರ್ಜಿ. ಶನಿವಾರ ಭಾನುವಾರ ಕ್ಯಾಡಿ ಸಾಲದು, ವಾರದ ನಡುವೆ ಬ್ಯಾಗ್ ಸಾಲದು. ಜೋರು ಮಳೆ ಬಿದ್ದು ಅಂಕಣ ಮುಚ್ಚಿದರೆ ಅವತ್ತಿನ ಕೂಲಿಯೂ ನೀರಿಗೆ. ಟ್ರಾಲಿ, ಬ್ಯಾಟರಿ ಗಾಡಿ ಬಂದ ಮೇಲೆ ಹೆಗಲಿಗೆ ಆರಾಮವಾಯಿತು, ಆದರೆ ಇಬ್ಬರು ಮಾಡುತ್ತಿದ್ದ ಕೆಲಸಕ್ಕೆ ಒಬ್ಬ ಸಾಕಾದ.

ಹೊರುವುದು ಈ ಕಸುಬಿನ ಅತಿ ಸುಲಭದ ಭಾಗ. ಹೊರಡುವ ಮುನ್ನ ಕ್ಲಬ್ ಎಣಿಸಬೇಕು, ಟವಲಿನ ಒಂದು ತುದಿ ಒದ್ದೆ ಮಾಡಿ ಇನ್ನೊಂದನ್ನು ಒಣಗಿರಿಸಬೇಕು. ಐರನ್ ಕ್ಲಬ್ಬಿನ ಮುಖದ ಗೀರುಗಳಲ್ಲಿ ಹುಲ್ಲು, ಮಣ್ಣು ಉಳಿದರೆ ಚೆಂಡಿಗೆ ಹಿಮ್ಮುಖ ಸುತ್ತು (ಬ್ಯಾಕ್‌ಸ್ಪಿನ್) ಹತ್ತುವುದಿಲ್ಲ; ಅದು ಗ್ರೀನಿನ ಮೇಲೆ, ಅಂದರೆ ಹೋಲಿನ ಸುತ್ತಲಿನ ನುಣುಪು ಹುಲ್ಲಿನ ಮೇಲೆ, ನಿಲ್ಲದೆ ಆಚೆ ಓಡುತ್ತದೆ. ಒದ್ದೆ ತುದಿ ಇರುವುದು ಅದಕ್ಕೇ.

ಚೆಂಡು ಹಾರಿದಾಗ ಎಲ್ಲರೂ ಚೆಂಡನ್ನು ನೋಡುತ್ತಾರೆ. ಪಳಗಿದ ಕ್ಯಾಡಿ ಅದು ಇಳಿದ ನೇರಕ್ಕೆ ಹಿಂದಿರುವ ಒಂದು ಮರವನ್ನೋ ಕಂಬವನ್ನೋ ಗುರುತಿಟ್ಟುಕೊಂಡು, ಕಣ್ಣು ಕೀಳದೆ ಅದರತ್ತಲೇ ನಡೆಯುತ್ತಾನೆ. ಹುಡುಕಲು ಮೊದಲು ಐದು ನಿಮಿಷ ಇತ್ತು, 2019ರಿಂದ ಮೂರೇ ನಿಮಿಷ. ಅಷ್ಟರಲ್ಲಿ ಸಿಗದಿದ್ದರೆ ಚೆಂಡು ಹೋದಂತೆ.

ದೂರ ಹೇಳುವುದರಲ್ಲಿ ಹೊಸಬರು ಎಡವುವುದು ಒಂದೇ ಕಡೆ. ಗ್ರೀನಿನ ನಡುಮಧ್ಯಕ್ಕೆ 150 ಯಾರ್ಡ್ ಎಂದುಬಿಡುತ್ತಾರೆ. ಗ್ರೀನ್ ಮೂವತ್ತು ಹೆಜ್ಜೆ ಆಳವಿದ್ದು ಹೋಲ್ ತೋರಿಸುವ ಬಾವುಟ ಹಿಂಬದಿಯ ಅಂಚಿನಲ್ಲಿದ್ದರೆ ಲೆಕ್ಕ ಬೇರೊಂದು ಕ್ಲಬ್ ಹಿಡಿಯಬೇಕಾದಷ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚೇ ತಪ್ಪುತ್ತದೆ. ಎತ್ತರದ ಲೆಕ್ಕ ಬೇರೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಗಾಳಿ ತೆಳು, ಚೆಂಡು ಹೆಚ್ಚುಕಡಿಮೆ ನೂರಕ್ಕೆ ಮೂರು ಪಾಲು ಮುಂದೆ ಹೋಗುತ್ತದೆ. ಚೆನ್ನೈಯಲ್ಲಿ 150 ಯಾರ್ಡ್ ಹೊಡೆಯುವ ಕ್ಲಬ್ ಇಲ್ಲಿ ನಾಲ್ಕೈದು ಯಾರ್ಡ್ ಜಾಸ್ತಿ. ಊಟಿಗೆ ಹೋದರೆ ಹತ್ತು ಯಾರ್ಡೂ ದಾಟುತ್ತದೆ. ಹೊರಗಿನಿಂದ ಬಂದ ಅತಿಥಿಗೆ ಮೊದಲ ಹೋಲಿನಲ್ಲೇ ಇದನ್ನು ಹೇಳಿದ ಕ್ಯಾಡಿಗೆ ಟಿಪ್ಸ್ ಖಾತ್ರಿ.

ಮರಳಿನ ಬಂಕರಿಗೆ ಇಳಿಯುವುದು ತಗ್ಗಿರುವ ಕಡೆಯಿಂದ. ಎತ್ತರದ ದಂಡೆಯಿಂದ ಜಾರಿದರೆ ಅಂಚು ಕುಸಿಯುತ್ತದೆ. ಹೊರಬರುವಾಗ ಹಿಮ್ಮೆಟ್ಟುತ್ತಾ ಹೆಜ್ಜೆಗುರುತನ್ನು ಹಲ್ಲಿನ ರೇಕಿನಿಂದ ಸವರುತ್ತಾ ಬರಬೇಕು. ಗ್ರೀನಿನ ಮೇಲೆ ಚೆಂಡು ಬಿದ್ದು ಮಾಡಿದ ಕುಳಿಯನ್ನು ಮುಚ್ಚುವುದಕ್ಕೂ ಕ್ರಮವಿದೆ. ಫೋರ್ಕನ್ನು ಅಂಚಿಗೆ ಚುಚ್ಚಿ ಸುತ್ತಲಿನ ಹುಲ್ಲನ್ನು ನಡುವಿಗೆ ತಳ್ಳಬೇಕು. ಅಡಿಯಿಂದ ಮೀಟಿ ಎತ್ತಿದರೆ ಬೇರು ಕಿತ್ತು ಅಷ್ಟಗಲ ಒಣಗುತ್ತದೆ. ಪಟ್ ಮಾಡುವವರ, ಅಂದರೆ ಚೆಂಡನ್ನು ಹೋಲಿಗೆ ಉರುಳಿಸುವವರ, ಲೈನ್ ತುಳಿಯಬಾರದು, ನೆರಳು ಬೀಳಿಸಬಾರದು. ಇಳಿಜಾರು ಓದುವಾಗ ಹೋಲಿನ ಬಾಯಂಚು ನೋಡಿದರೆ ಅರ್ಧ ಉತ್ತರ ಸಿಗುತ್ತದೆ: ಹುಲ್ಲು ಯಾವ ಕಡೆಗೆ ಬಾಗಿ ಬೆಳೆದಿದೆಯೋ ಆ ಕಡೆಯ ಅಂಚು ಹರಕಲಾಗಿರುತ್ತದೆ, ಚೆಂಡು ಅತ್ತ ಬೇಗ ಓಡುತ್ತದೆ. ಬರ್ಮುಡಾ ಹುಲ್ಲಿನ ಗ್ರೀನುಗಳಲ್ಲಿ ಇದು ಢಾಳಾಗಿ ಕಾಣುತ್ತದೆ.

ಇಷ್ಟೆಲ್ಲ ಬಲ್ಲವನಿಗೆ ಎಷ್ಟು ಸಿಗುತ್ತದೆ? ಅಮೆರಿಕದ ಪಿಜಿಎ ಟೂರ್‌ನಲ್ಲಿ ವಾರಕ್ಕಿಷ್ಟೆಂದು ಖರ್ಚಿನ ಹಣ, ಗೆದ್ದರೆ ಬಹುಮಾನದಲ್ಲಿ ನೂರಕ್ಕೆ ಹತ್ತು, ಮೊದಲ ಹತ್ತರಲ್ಲಿ ಬಂದರೆ ಏಳು, ಇಲ್ಲದಿದ್ದರೆ ಐದು. ಇದು ವಾಡಿಕೆ, ಕಾನೂನೇನಲ್ಲ. 2018ರ ನವೆಂಬರ್‌ನಲ್ಲಿ ಮ್ಯಾಟ್ ಕೂಚರ್ ಮೆಕ್ಸಿಕೊದಲ್ಲಿ ಸ್ಥಳೀಯ ಕ್ಯಾಡಿಯೊಬ್ಬರ ನೆರವಿನಿಂದ ಗೆದ್ದು ಸುಮಾರು 13 ಲಕ್ಷ ಡಾಲರ್ ಪಡೆದರು. ಕ್ಯಾಡಿಗೆ ಕೊಟ್ಟದ್ದು 5,000. ಮೊದಲೇ ಆಗಿದ್ದ ಮಾತಿನ ಪ್ರಕಾರ ಅದೇನೂ ಕಡಿಮೆಯಲ್ಲ ಎಂಬುದು ಕೂಚರ್ ವಾದ, ವಾಡಿಕೆಯ ಪ್ರಕಾರ ಮಾತ್ರ ತೀರಾ ಕಡಿಮೆ. ಎಲ್ಲೆಡೆ ಛೀಮಾರಿ ಬಿದ್ದ ಮೇಲೆ ಮರುವರ್ಷ ಕ್ಷಮೆ ಕೇಳಿ, ಕ್ಯಾಡಿ ಕೇಳಿದ್ದ 50,000 ತುಂಬಿಕೊಟ್ಟರು.

ಅಮೆರಿಕದ ಆಗಸ್ಟಾ ಕ್ಲಬ್ಬಿನ ಕಥೆ ಇದಕ್ಕಿಂತ ಕಹಿ. ಅಲ್ಲಿ ನಡೆಯುವ ಮಾಸ್ಟರ್ಸ್ ಟೂರ್ನಿಯಲ್ಲಿ 1982ರವರೆಗೆ ಆಟಗಾರರು ಆ ಕ್ಲಬ್ಬಿನ ಕ್ಯಾಡಿಗಳನ್ನೇ ಬಳಸಬೇಕಿತ್ತು. ಅವರಲ್ಲಿ ಬಹುತೇಕರು ಅದೇ ಊರಿನ ಕಪ್ಪು ಜನಾಂಗದವರು. ಆ ವರ್ಷ ಮಳೆಯಿಂದ ನಿಂತ ಆಟ ಮರುದಿನ ಬೆಳಿಗ್ಗೆ ಬೇಗ ಶುರುವಾದಾಗ ಕೆಲವು ಕ್ಯಾಡಿಗಳು ಬಂದಿರಲಿಲ್ಲ. ಆಟಗಾರರ ದೂರು ಹೋಯಿತು. 1983ರಿಂದ ಅವರವರ ಕ್ಯಾಡಿಗಳನ್ನು ಕರೆತರಲು ಅನುಮತಿ ಸಿಕ್ಕಿತು. ವರ್ಷದ ದೊಡ್ಡ ಸಂಪಾದನೆಯ ಆ ಒಂದು ವಾರ ಊರಿನವರ ಕೈಯಿಂದ ಹೋಯಿತು.

ಯಾರ ಆಳು ಎಂಬ ಪ್ರಶ್ನೆ ನೇರವಾಗಿ ನ್ಯಾಯಪೀಠದ ಮುಂದೆ ಹೋದದ್ದು ಹಾಂಗ್‌ಕಾಂಗ್‌ನಿಂದ. ಅಲ್ಲಿನ ಗಾಲ್ಫ್ ಕ್ಲಬ್ಬಿನ ಕ್ಯಾಡಿಯೊಬ್ಬರು ತಾನು ನೌಕರ ಎಂದು ವಾದಿಸಿದರು. ನಂಬರು ಕೊಟ್ಟದ್ದು ಕ್ಲಬ್, ಸಮವಸ್ತ್ರ ಕೊಟ್ಟದ್ದು ಕ್ಲಬ್, ಸರದಿ ಹಂಚಿ ಕೂಲಿ ಕೈಗಿಟ್ಟದ್ದೂ ಕ್ಲಬ್ಬೇ. ಮೇಲ್ಮನವಿ ಕೇಳಿದ ಲಂಡನ್ನಿನ ನ್ಯಾಯಪೀಠ ಪ್ರಿವಿ ಕೌನ್ಸಿಲ್ 1997ರಲ್ಲಿ ಬಹುಮತದಿಂದ ಒಪ್ಪಲಿಲ್ಲ. ಬರಲೇಬೇಕೆಂಬ ಕಟ್ಟು ಇವರಿಗಿಲ್ಲ, ಕೆಲಸ ಕೊಡಲೇಬೇಕೆಂಬ ಕಟ್ಟು ಕ್ಲಬ್ಬಿಗಿಲ್ಲ. ಆಟಗಾರರ ಹಣವನ್ನು ಕ್ಲಬ್ ದಾಟಿಸಿದ್ದಷ್ಟೇ ಎಂದಿತು. ಪೀಠದಲ್ಲಿದ್ದ ಲಾರ್ಡ್ ಹಾಫ್‌ಮನ್ ಮಾತ್ರ ಭಿನ್ನ ತೀರ್ಪು ಬರೆದರು. ಕ್ಯಾಡಿ ಶೆಡ್ಡಿನ ಬೆಂಚಿನ ಮೇಲೆ ಒಂದು ವಾರ ಕುಳಿತವರಿಗೆ ಹಾಫ್‌ಮನ್ ಹೇಳಿದ್ದೇ ಸರಿ ಎನಿಸೀತು.

ಈ ಬೆಂಚಿನಿಂದ ಎದ್ದು ಹೋಗುವ ದಾರಿಯೊಂದಿದೆ. ಹಲವು ಕ್ಲಬ್ಬುಗಳು ನಿರ್ವಹಣೆಗೆಂದು ಮುಚ್ಚುವ ದಿನ ಕ್ಯಾಡಿಗಳಿಗೆ ಆಡಲು ಬಿಡುತ್ತವೆ. ದೆಹಲಿಯಲ್ಲಿ ಹೀಗೆ ಬೆಳೆದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ ವೃತ್ತಿಪರ ಆಟಗಾರರಾದರು. 1993ರಲ್ಲಿ ಮತ್ತೆ ಗೆದ್ದರು. ಬೆಂಗಳೂರಿನಲ್ಲಿ ಬ್ಯಾಗ್ ಹೊರುತ್ತಿದ್ದ ಸಿ. ಮುನಿಯಪ್ಪ 2009ರಲ್ಲಿ ಅದೇ ಓಪನ್ ಅನ್ನು ಪ್ಲೇಆಫ್‌ನಲ್ಲಿ ಗೆದ್ದರು. ಆದರೆ ಈ ದಾರಿ ತೀರಾ ಕಿರಿದು, ಶೆಡ್ಡಿನಲ್ಲಿ ಕೂತವರು ನೂರಾರು ಮಂದಿ.

2020ರ ಲಾಕ್‌ಡೌನಿನಲ್ಲಿ ಅಂಕಣಗಳಿಗೆ ಬೀಗ ಬಿತ್ತು. ಹುಲ್ಲು ಬೆಳೆಯುವುದನ್ನು ನಿಲ್ಲಿಸದ ಕಾರಣ ಮಾಲಿಗಳ ಕೆಲಸ ನಿಲ್ಲಲಿಲ್ಲ. ರೌಂಡೇ ಇಲ್ಲದ ಕ್ಯಾಡಿಗೆ ಕೂಲಿ ಯಾರು ಕೊಡಬೇಕು? ಅನೇಕ ಕಡೆ ಸದಸ್ಯರು ವಾಟ್ಸಾಪಿನಲ್ಲಿ ಚಂದಾ ಎತ್ತಿ ರೇಷನ್ ಕೊಡಿಸಿದರು.