ಕರೆಂಟ್ ಬಂದ ಮೇಲೂ ನೆಟ್ ಬರೋದಿಲ್ಲ, ಯಾಕೆ?

ಪ್ರಶ್ನೆ: ಶಿಡ್ಲಘಟ್ಟದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ, ಆನ್‌ಲೈನ್ ಅರ್ಜಿಗಳನ್ನೂ ಹಾಕಿಕೊಡುತ್ತೇನೆ. ಫೈಬರ್ ಕನೆಕ್ಷನ್. ಗಂಟೆಗಟ್ಟಲೆ ಕರೆಂಟ್ ಹೋಗಿ ಬಂದರೆ ನೆಟ್ ಬೇಗ ಬರುತ್ತದೆ. ಹೀಗೆ ಹೋಗಿ ಹಾಗೆ ಬಂದರೆ ಮಾತ್ರ ಬೇಗ ಬರೋದಿಲ್ಲ. ರೂಟರ್ ಎಷ್ಟು ಸಲ ಆಫ್ ಆನ್ ಮಾಡಿದರೂ ಅಷ್ಟೇ. ರೂಟರ್ ಕೆಟ್ಟಿದೆಯಾ?

ಉತ್ತರ: ಕೆಟ್ಟಿರಲಾರದು. ಮೊದಲು ಆ ಆಫ್ ಆನ್ ನಿಲ್ಲಿಸಿ. ಬಹುಶಃ ನಿಮ್ಮ ಹಳೇ ಲಾಗಿನ್ ಕಂಪನಿಯ ತುದಿಯಲ್ಲಿ ಇನ್ನೂ ಮುಗಿದಿಲ್ಲ.

ಕರೆಂಟ್ ಹೋದ ಕ್ಷಣ ಏನಾಗುತ್ತದೆ ನೋಡಿ. ಫೈಬರ್ ಬಂದು ಸೇರುವ ಪೆಟ್ಟಿಗೆಗೆ ಓಎನ್‌ಟಿ ಅನ್ನುತ್ತಾರೆ. ಅದರೊಳಗಿನ ಕೆಪಾಸಿಟರ್‌ನಲ್ಲಿ ಕೆಲವು ಮಿಲಿಸೆಕೆಂಡಿಗೆ ಸಾಲುವಷ್ಟು ಚಾರ್ಜ್ ಉಳಿದಿರುತ್ತದೆ. ಅಷ್ಟರಲ್ಲೇ ಅದು ‘ನನಗೆ ಪವರ್ ಹೋಯ್ತು’ ಎಂದು ಎಕ್ಸ್‌ಚೇಂಜಿಗೆ ಒಂದು ಸಣ್ಣ ಸಂದೇಶ ಕಳಿಸಿ ಆರಿಹೋಗುತ್ತದೆ. ಡೈಯಿಂಗ್ ಗ್ಯಾಸ್ಪ್ ಅಂತ ಅದರ ಹೆಸರು. ಈ ಸಂದೇಶ ಬಂದರೆ ಹೋಗಿರುವುದು ಕರೆಂಟ್ ಅಂತ ಕಂಪನಿಯವರಿಗೆ ಗೊತ್ತಾಗುತ್ತದೆ. ಸಂದೇಶವೇ ಇಲ್ಲದೆ ಓಎನ್‌ಟಿ ಮಾಯವಾದರೆ, ಎಲ್ಲೋ ಜೆಸಿಬಿ ಫೈಬರ್ ಕಿತ್ತಿರಬೇಕು ಅಂತ ಅನುಮಾನ. ದಾರಿಯಲ್ಲಿ ಒಂದೇ ಫೈಬರಿನ ಬೆಳಕನ್ನು ಹಲವರಿಗೆ ಹಂಚುವ ಸ್ಪ್ಲಿಟರ್‌ಗೆ ಕರೆಂಟೇ ಬೇಡ, ಎಕ್ಸ್‌ಚೇಂಜಿನಲ್ಲಿ ಬ್ಯಾಟರಿ ಇರುತ್ತದೆ. ಹಾಗಾಗಿ ಊರಿಗೆ ಊರೇ ಕತ್ತಲಾದರೂ ಆ ತುದಿ ಎಚ್ಚರವಾಗಿಯೇ ಇರುತ್ತದೆ.

ತೊಂದರೆ ಇರುವುದು ಅಲ್ಲೇ. ಎಷ್ಟೋ ಕಡೆ ರೂಟರ್ ತಾನೇ ಐಡಿ, ಪಾಸ್ವರ್ಡ್ ಕೊಟ್ಟು ಕಂಪನಿಯ ಸರ್ವರಿಗೆ ಲಾಗಿನ್ ಆಗುವುದು ಪಿಪಿಪಿಒಇ ಅನ್ನುವ ವಿಧಾನದಲ್ಲಿ. ರೂಟರ್ ಸರಿಯಾಗಿ ಲಾಗ್ ಔಟ್ ಆದರೆ ‘ಮುಗೀತು’ ಎಂದು ಸರ್ವರ್‌ಗೆ ಹೇಳುತ್ತದೆ. ಕರೆಂಟ್ ಹೋದಾಗ ಹೇಳೋಕೆ ಪುರಸೊತ್ತೆಲ್ಲಿ? ಡೈಯಿಂಗ್ ಗ್ಯಾಸ್ಪ್ ಕೂಡ ಸಾಮಾನ್ಯವಾಗಿ ಎಕ್ಸ್‌ಚೇಂಜಿಗೇ ನಿಲ್ಲುತ್ತದೆ. ಲಾಗಿನ್ ಸರ್ವರ್ ಆಗಾಗ ‘ಇದ್ದೀಯಾ?’ ಎಂದು ಕೇಳುತ್ತಿರುತ್ತದೆ. ಹಲವು ಸಲ ಉತ್ತರ ಬರದಿದ್ದರೆ ಮಾತ್ರ ಹಳೇ ಲಾಗಿನ್ ಅಳಿಸುತ್ತದೆ. ಅಷ್ಟರೊಳಗೆ ನಿಮ್ಮ ರೂಟರ್ ಎದ್ದು ಬಾಗಿಲು ತಟ್ಟಿದರೆ, ಒಂದು ಐಡಿಗೆ ಒಂದೇ ಲಾಗಿನ್ ಅನ್ನುವ ನಿಯಮವಿರುವ ಕಡೆ, ‘ಈ ಐಡಿ ಆಗಲೇ ಒಳಗಿದೆ’ ಎಂದು ವಾಪಸ್ ಕಳಿಸುತ್ತದೆ. ಗಂಟೆ ಹೊತ್ತು ಕರೆಂಟ್ ಇಲ್ಲದಿದ್ದರೆ ಹಳೆಯದು ಅಷ್ಟರಲ್ಲಿ ಅಳಿದಿರುತ್ತದೆ, ಒಂದೇ ಸಲಕ್ಕೆ ನೆಟ್ ಬರುತ್ತದೆ. ವಿಚಿತ್ರ ಅನ್ನಿಸಿದರೂ ಲೆಕ್ಕ ಸರಿಯಾಗೇ ಇದೆ, ಅಲ್ವಾ?

ನೀವು ಮತ್ತೆ ಮತ್ತೆ ಆಫ್ ಮಾಡಿದಾಗ ರೂಟರ್ ಬೂಟ್ ಆಗುವುದರಿಂದ ಎಲ್ಲವೂ ಮೊದಲಿಂದ ಶುರು. ಲಾಗಿನ್ ಆಗುವ ಹೊತ್ತಿಗೇ ಸ್ವಿಚ್ ಒತ್ತಿಬಿಟ್ಟರೆ ಇನ್ನೊಂದು ಅರೆಬರೆ ಲಾಗಿನ್ ಆ ಕಡೆ ಉಳಿದುಕೊಳ್ಳಬಹುದು. ಸುಮ್ನೆ ಬಿಡಿ, ಅದೇ ಪ್ರಯತ್ನಿಸುತ್ತಿರುತ್ತದೆ. ಲೈಟುಗಳ ಮೇಲೊಂದು ಕಣ್ಣಿಡಿ. ಪಾನ್ (PON) ಲೈಟ್ ನಿಂತು ಉರಿಯುತ್ತಿದ್ದರೆ ಫೈಬರ್ ಸರಿ ಇದೆ. ಲಾಸ್ (LOS) ಲೈಟ್ ಕೆಂಪಗೆ ಮಿನುಗುತ್ತಲೇ ಇದ್ದರೆ ಬೆಳಕೇ ಬರುತ್ತಿಲ್ಲ, ಆಗ ಕಂಪನಿಗೆ ಫೋನ್ ಮಾಡಬೇಕು.

ವೋಲ್ಟೇಜ್ ಕುಸಿದು ಏರಿದಾಗ ಮಾತ್ರ ರೂಟರ್ ಅತ್ತ ಸಾಯದೆ ಇತ್ತ ಬದುಕದೆ ಸಿಕ್ಕಿಹಾಕಿಕೊಳ್ಳುವುದುಂಟು. ಲೈಟುಗಳು ಅಲ್ಲಾಡದೆ ನಿಂತಿದ್ದರೆ ಅಡಾಪ್ಟರ್ ಕಿತ್ತು, ಅರ್ಧ ನಿಮಿಷ ಬಿಟ್ಟು, ಒಂದೇ ಒಂದು ಸಲ ಹಾಕಿ.

ಇನ್ನು ಕರೆಂಟ್ ಹೋದಾಗ ಅರ್ಧಕ್ಕೆ ನಿಲ್ಲುವ ಆನ್ಲೈನ್ ಅರ್ಜಿಯ ವಿಷಯ. ದಾರಿಯಲ್ಲಿ ಕಳೆದುಹೋದ ಡೇಟಾವನ್ನು ಕಂಪ್ಯೂಟರ್ ತಾನಾಗೇ ಮತ್ತೆ ಕಳಿಸುತ್ತದೆ. ಆದರೆ ಯಾವ ಕಂಪ್ಯೂಟರ್ ಯಾವ ಸೈಟಿನ ಜೊತೆ ಮಾತಾಡುತ್ತಿತ್ತು ಎಂಬ ಪಟ್ಟಿ ರೂಟರ್‌ನ ರ‍್ಯಾಮ್‌ನಲ್ಲಿರುತ್ತದೆ, ಕರೆಂಟ್ ಹೋದರೆ ಅದೂ ಹೋಯಿತು. ಪೇಜ್ ಮತ್ತೆ ತೆರೆಯಲೇಬೇಕು. ಹಣ ಕಟ್ಟುವಾಗ ಹೀಗಾದರೆ ಇನ್ನೊಮ್ಮೆ ಕಟ್ಟುವ ಮುಂಚೆ ಸ್ಟೇಟಸ್ ನೋಡಿ. ಬ್ಯಾಂಕಿನ ಕಡೆ ಕೆಲಸ ಮುಗಿದಿದ್ದು, ರಸೀದಿ ಮಾತ್ರ ನಿಮಗೆ ತಲುಪದೆ ಇರಬಹುದು.

ಎಷ್ಟೋ ಅಂಗಡಿಗಳಲ್ಲಿ ಕಂಪ್ಯೂಟರ್ ಯುಪಿಎಸ್‌ಗೆ ಸೇರಿರುತ್ತದೆ, ರೂಟರ್ ಮಾತ್ರ ಗೋಡೆಯ ಪ್ಲಗ್‌ಗೆ. ನಿಮ್ಮಲ್ಲೂ ಹಾಗಿದ್ದರೆ ರೂಟರನ್ನೂ ಓಎನ್‌ಟಿಯನ್ನೂ ಯುಪಿಎಸ್‌ಗೇ ಹಾಕಿ. ಜಾಗವಿಲ್ಲದಿದ್ದರೆ ರೂಟರ್‌ಗೆಂದೇ ಮಿನಿ ಯುಪಿಎಸ್ ಸಿಗುತ್ತದೆ. ಕೊಳ್ಳುವಾಗ ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪ್ಸ್ ನೋಡಿಕೊಳ್ಳಿ. 12 ವೋಲ್ಟ್ ಜಾಸ್ತಿ ಕಡೆ ಇರುತ್ತದೆ, ಆದರೂ ಓದದೆ ತರಬೇಡಿ.